ಅಪ್‌ಡೇಟ್ ಹಾಕಿದ ಮೇಲೂ ಡಾಟ್‌ನೆಟ್ ಸರ್ವರ್‌ನಲ್ಲಿ ಹಳೇ ದೋಷ ತೋರಿಸುತ್ತಿದ್ದರೆ ಎಲ್ಲಿ ಹುಡುಕಬೇಕು

ಲಕ್ಷಣ ಹೀಗಿರುತ್ತದೆ. ಉಬುಂಟು ಅನ್ನುವ ಲಿನಕ್ಸ್ ಸರ್ವರ್‌ನಲ್ಲಿ, ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಅನ್ನುವ ವೇದಿಕೆಯಲ್ಲಿ ಬರೆದ ಒಂದು ವೆಬ್ ಆ್ಯಪ್ ಓಡುತ್ತಿದೆ. ಭದ್ರತಾ ದೋಷದ ಸುದ್ದಿ ಬಂತು. ಆ್ಯಪ್ಟ್‌ನಲ್ಲಿ (ಉಬುಂಟುವಿಗೆ ಪ್ಯಾಕೇಜ್ ತಂದು ಹಾಕುವ ಸಾಧನ) ಅಪ್‌ಡೇಟ್ ಹಾಕಿದಿರಿ, ಎರರ್ ಏನೂ ಬರಲಿಲ್ಲ. ಆದರೆ ಮರುದಿನ ದೋಷ ಹುಡುಕುವ ಸ್ಕ್ಯಾನರ್ ಮತ್ತೆ ಅದೇ ದೋಷವನ್ನು ತೋರಿಸುತ್ತದೆ. ಇಲ್ಲವೇ ಆ್ಯಪ್ ಪೂರ್ತಿ ಸರಿಯಿದ್ದು ಒಂದೇ ಒಂದು ಪುಟ ಕೈಕೊಡುತ್ತದೆ. ಇಲ್ಲವೇ ರೀಸ್ಟಾರ್ಟ್ ಮಾಡಿದ್ದೇ ತಡ, ಆ್ಯಪ್ ಮೇಲೇಳುವುದೇ ಇಲ್ಲ.

ನಾನು ಮಂಗಳೂರು, ಉಡುಪಿ ಕಡೆಯ ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುವವನು. ಈ ಮೂರೂ ಬೇರೆ ಬೇರೆ ತೊಂದರೆಗಳ ಹಾಗೆ ಕಂಡರೂ ಹೆಚ್ಚಿನ ಸಲ ಬೇರು ಒಂದೇ. ಡಿಸ್ಕಿನಲ್ಲಿ ಕೂತಿರುವ ಡಾಟ್‌ನೆಟ್ ಬೇರೆ, ಆ್ಯಪ್ ನಿಜವಾಗಿ ಬಳಸುತ್ತಿರುವ ಡಾಟ್‌ನೆಟ್ ಬೇರೆ. ಡಿಸ್ಕಿಗೆ ಫೈಲ್ ಹಾಕಿದ ಕೂಡಲೇ ಆ್ಯಪ್ಟ್‌ನ ಕೆಲಸ ಮುಗಿಯಿತು. ಓಡುತ್ತಿರುವ ಪ್ರಾಸೆಸ್, ಅಂದರೆ ಮೆಮೊರಿಯಲ್ಲಿರುವ ಆ್ಯಪ್, ಆ ಹೊಸ ಫೈಲನ್ನೇ ಎತ್ತಿಕೊಂಡಿದೆ ಅಂತ ಕಣ್ಣಾರೆ ನೋಡುವವರೆಗೆ ನಮ್ಮ ಕೆಲಸ ಮುಗಿಯಲಿಲ್ಲ. ಹಾಗಾಗಿ ಈ ಬರಹದಲ್ಲಿ ಹುಡುಕಾಟ ಮೆಮೊರಿಯಿಂದ ಶುರುವಾಗಿ ಡಿಸ್ಕಿಗೆ, ಅಲ್ಲಿಂದ ಆ ಫೈಲ್ ಎಲ್ಲಿಂದ ಬಂತು ಅನ್ನುವಲ್ಲಿಗೆ ಹೋಗುತ್ತದೆ. ಆ್ಯಪ್ಟ್‌ನಿಂದ ಶುರು ಮಾಡಿದರೆ ಸುಮ್ನೆ ಸಮಯ ಹಾಳು.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಮೊದಲು ನಂಬರ್ ಗೊತ್ತಿರಲಿ

ಯಾವ ದೋಷ, ಯಾವ ವರ್ಷನ್‌ನಲ್ಲಿ ಸರಿಯಾಗಿದೆ ಅಂತ ಗೊತ್ತಿಲ್ಲದೆ ಹುಡುಕಲು ಆಗುವುದಿಲ್ಲ. ಉದಾಹರಣೆಗೆ 2025ರ ಅಕ್ಟೋಬರ್ 14ರಂದು ಹೊರಗೆ ಬಂದ ಸಿವಿಇ-2025-55315 ತೆಗೆದುಕೊಳ್ಳೋಣ. ಸಿವಿಇ ಅಂದರೆ ಭದ್ರತಾ ದೋಷಕ್ಕೆ ಕೊಡುವ ಗುರುತಿನ ನಂಬರ್. ಡಾಟ್‌ನೆಟ್‌ನ ವೆಬ್ ಭಾಗವಾದ ಎಎಸ್‌ಪಿ ಡಾಟ್‌ನೆಟ್ ಕೋರ್‌ನ ಒಳಗೆ ಕೆಸ್ಟ್ರೆಲ್ ಅನ್ನುವ ವೆಬ್ ಸರ್ವರ್ ಇದೆ. ದೋಷ ಇದ್ದದ್ದು ಅದರಲ್ಲಿ. ತೀವ್ರತೆಯ ಅಂಕ 10ಕ್ಕೆ 9.9.

ಆಗುವುದೇನು ಅಂದರೆ, ಎಚ್‌ಟಿಟಿಪಿಯಲ್ಲಿ ಡೇಟಾವನ್ನು ತುಂಡು ತುಂಡಾಗಿ ಕಳಿಸುವ ಒಂದು ಕ್ರಮ ಉಂಟು. ಪ್ರತಿ ತುಂಡಿನ ಮೊದಲು ಅದರ ಉದ್ದ ಬರೆದ ಒಂದು ಸಾಲು ಇರುತ್ತದೆ. ಅದೇ ಸಾಲಿನಲ್ಲಿ ಬೇಕಿದ್ದರೆ ಹೆಚ್ಚಿನ ಮಾಹಿತಿಯೂ ಸೇರಿಸಬಹುದು. ಆ ಸಾಲು ಮುಗಿಯಬೇಕಾದದ್ದು ಕ್ಯಾರೇಜ್ ರಿಟರ್ನ್, ಲೈನ್ ಫೀಡ್ ಅನ್ನುವ ಎರಡು ಗುರುತೂ ಸೇರಿ. ಯಾರಾದರೂ ಬೇಕೆಂದೇ ಅರ್ಧ ಗುರುತು ಮಾತ್ರ ಹಾಕಿದರೆ, ಮುಂದೆ ನಿಂತು ರಿಕ್ವೆಸ್ಟ್ ದಾಟಿಸುವ ಪ್ರಾಕ್ಸಿ ಒಂದು ರೀತಿ ಓದುತ್ತದೆ, ಹಿಂದಿರುವ ಕೆಸ್ಟ್ರೆಲ್ ಇನ್ನೊಂದು ರೀತಿ ಓದುತ್ತದೆ. ಹೋಟೆಲಿನಲ್ಲಿ ಸಪ್ಲೈಯರ್ ಒಂದೇ ಉಸಿರಿನಲ್ಲಿ "ಎರಡು ಬನ್ಸ್, ಒಂದು ಗೋಳಿಬಜೆ" ಅಂತ ಕೂಗಿದ್ದನ್ನು ಅಡುಗೆಮನೆಯವರು ಬನ್ಸಿಗೆ ಒಂದು ಟೇಬಲ್ ಮುಗಿಯಿತು, ಗೋಳಿಬಜೆ ಪಕ್ಕದ ಟೇಬಲ್ಲಿಗೆ ಅಂತ ತಿಳಿದುಕೊಂಡ ಹಾಗೆ. ಒಂದು ರಿಕ್ವೆಸ್ಟಿನ ಹೊಟ್ಟೆಯೊಳಗೆ ಅಡಗಿಸಿಟ್ಟ ಇನ್ನೊಂದು ರಿಕ್ವೆಸ್ಟ್ ಪ್ರಾಕ್ಸಿಯ ತಪಾಸಣೆ ದಾಟಿ ಒಳಗೆ ಹೋಗುತ್ತದೆ. ಅದು ಬೇರೆಯವರ ಲಾಗಿನ್ ಹೆಸರಲ್ಲಿ ಹೋಗಬಹುದು, ಹೊರಗಿನವರಿಗೆ ಮುಚ್ಚಿಟ್ಟ ಪುಟಕ್ಕೂ ಹೋಗಬಹುದು. ಎಷ್ಟು ಹಾನಿ ಅನ್ನುವುದು ಆ್ಯಪ್ ಹೇಗೆ ಬರೆದಿದ್ದಾರೆ ಅನ್ನುವುದರ ಮೇಲಿದೆ. ಮುಂದೆ ಪ್ರಾಕ್ಸಿಯಾಗಿ ಎಂಜಿನ್‌ಎಕ್ಸ್ ಇದೆಯಲ್ಲ, ಸಾಕು ಅಂತ ಬಿಡುವ ಹಾಗಿಲ್ಲ. ಇಬ್ಬರ ನಡುವಿನ ಭಿನ್ನಾಭಿಪ್ರಾಯವೇ ಇಲ್ಲಿ ದೋಷ.

ಇದು ಸರಿಯಾದದ್ದು ಡಾಟ್‌ನೆಟ್ 8ರಲ್ಲಿ 8.0.21ಕ್ಕೆ, ಡಾಟ್‌ನೆಟ್ 9ರಲ್ಲಿ 9.0.10ಕ್ಕೆ. ಮುಂದೆ ನಾನು 8.0.21 ಅಂದಾಗೆಲ್ಲ ಈ ಉದಾಹರಣೆಯ ನಂಬರ್ ಅಂತ ತಿಳಿದುಕೊಳ್ಳಿ. ನೀವು ಓದುವ ಹೊತ್ತಿಗೆ ಇನ್ನೂ ಹೊಸದು ಬಂದಿರುತ್ತದೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಇಂಥ ತಿದ್ದುಪಡಿಗಳನ್ನು ಬಿಡುತ್ತದೆ. ನಮ್ಮಲ್ಲಿ ಆಗ ರಾತ್ರಿ. ಬುಧವಾರ ಬೆಳಗ್ಗೆ ಉಬುಂಟುವಿನ ಭದ್ರತಾ ಪ್ರಕಟಣೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅದರಲ್ಲಿ ಉಬುಂಟುವಿನ ಯಾವ ಆವೃತ್ತಿಗೆ ಯಾವ ಪ್ಯಾಕೇಜ್, ಯಾವ ನಂಬರ್ ಅಂತ ಸಾಲು ಸಾಲಾಗಿ ಬರೆದಿರುತ್ತಾರೆ.

ನಂಬರ್ ವಿಷಯದಲ್ಲಿ ಜನ ಎಡವುವ ಎರಡು ಜಾಗ ಇವೆ. ಎಸ್‌ಡಿಕೆ (ಆ್ಯಪ್ ಕಟ್ಟುವ ಸಾಧನ) ನಂಬರ್ ಬೇರೆ, ರನ್‌ಟೈಮ್ (ಆ್ಯಪ್ ಓಡಿಸುವ ಭಾಗ) ನಂಬರ್ ಬೇರೆ. ಉಬುಂಟುವಿನ ಎಸ್‌ಡಿಕೆ 8.0.121 ಅಂದರೆ ಅದರ ರನ್‌ಟೈಮ್ 8.0.21. 121 ಅನ್ನು ನೋಡಿ "ಅಬ್ಬ, ತುಂಬಾ ಹೊಸದಿದೆ" ಅಂದುಕೊಳ್ಳಬೇಡಿ. ಎರಡನೆಯದು, ಆ್ಯಪ್‌ನ ಜೊತೆಗಿರುವ ರನ್‌ಟೈಮ್‌ಕಾನ್ಫಿಗ್ ಫೈಲಿನಲ್ಲಿ 8.0.0 ಅಂತ ಬರೆದಿರುತ್ತದೆ. ಅದನ್ನು ನೋಡಿ ಗಾಬರಿಯಾಗುವುದೂ ಬೇಡ, ಅದನ್ನು ಕೈಯಿಂದ ತಿದ್ದುವುದೂ ಬೇಡ. ಕನಿಷ್ಠ ಇಷ್ಟು ಬೇಕು ಅಂತ ಅದರ ಅರ್ಥ. ಓಡುವಾಗ ಡಾಟ್‌ನೆಟ್ ಆ ಸಾಲಿನ ಅತಿ ಹೊಸ ಪ್ಯಾಚನ್ನೇ ತಾನಾಗಿ ಆರಿಸಿಕೊಳ್ಳುತ್ತದೆ.

ಓಡುತ್ತಿರುವ ಪ್ರಾಸೆಸ್ ಯಾವ ಫೈಲ್ ಹಿಡಿದುಕೊಂಡಿದೆ

ಈಗ ಮೆಮೊರಿ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಅಂತ ಹೊಡೆದು ಮುಂದೆ ನಿಮ್ಮ ಸರ್ವಿಸಿನ ಹೆಸರು ಕೊಡಿ. ಮೈನ್ ಪಿಐಡಿ ಅನ್ನುವಲ್ಲಿ ಆ ಪ್ರಾಸೆಸ್‌ನ ನಂಬರ್ ಸಿಗುತ್ತದೆ. ಸ್ಲ್ಯಾಶ್ ಪ್ರಾಕ್ ಫೋಲ್ಡರಿನಲ್ಲಿ ಅದೇ ನಂಬರಿನ ಒಳಗೆ ಮ್ಯಾಪ್ಸ್ ಅನ್ನುವ ಫೈಲ್ ಇದೆ. ಅದನ್ನು ರೂಟ್ ಆಗಿ (ಪೂರ್ಣ ಅಧಿಕಾರದಲ್ಲಿ) ತೆರೆದು ಕೆಸ್ಟ್ರೆಲ್ ಅಥವಾ ಲಿಬ್‌ಕೋರ್‌ಸಿಎಲ್‌ಆರ್ (ರನ್‌ಟೈಮ್‌ನ ಮುಖ್ಯ ಫೈಲ್) ಅಂತ ಗ್ರೆಪ್ ಮಾಡಿ, ಅಂದರೆ ಆ ಪದವಿರುವ ಸಾಲು ಹುಡುಕಿ. ಬರುವ ಸಾಲಿನ ದಾರಿಯಲ್ಲೇ ವರ್ಷನ್ ಇರುತ್ತದೆ. 8.0.20 ಅಂತ ಇದ್ದು ಕೊನೆಯಲ್ಲಿ ಡಿಲೀಟೆಡ್ ಅನ್ನುವ ಪದ ಕಂಡರೆ ವಿಷಯ ಸ್ಪಷ್ಟ. ಡಿಸ್ಕಿನಿಂದ ಹಳೇ ಫೈಲ್ ಹೋಗಿದೆ, ಪ್ರಾಸೆಸ್ ಇನ್ನೂ ಅದನ್ನೇ ಹಿಡಿದುಕೊಂಡು ಓಡುತ್ತಿದೆ. ದೋಷ ಇನ್ನೂ ಬಾಗಿಲು ತೆರೆದುಕೊಂಡೇ ಇದೆ. ಸರ್ವಿಸ್ ರೀಸ್ಟಾರ್ಟ್ ಮಾಡಿ, ಹೊಸ ಪಿಐಡಿ ಹಿಡಿದು ಮತ್ತೆ ಅದೇ ಫೈಲ್ ನೋಡಿ. 8.0.21 ಬಂತೋ, ಅರ್ಧ ಕೆಲಸ ಆಯ್ತು.

ಇದಕ್ಕಿಂತ ಸುಲಭದ ದಾರಿ ಬೇಕಿದ್ದರೆ ಸರ್ವಿಸ್ ಯಾವಾಗ ಶುರುವಾಯಿತು ಅಂತ ಸ್ಟೇಟಸ್‌ನಲ್ಲೇ ನೋಡಿ, ವಾರ್ ಲಾಗ್ ಆ್ಯಪ್ಟ್ ಫೋಲ್ಡರಿನ ಹಿಸ್ಟರಿ ಲಾಗ್‌ನಲ್ಲಿರುವ ಅಪ್‌ಡೇಟ್ ಸಮಯದ ಜೊತೆ ಹೋಲಿಸಿ. ಸರ್ವಿಸ್ ಮೊದಲು, ಅಪ್‌ಡೇಟ್ ಆಮೇಲೆ ಅಂತಿದ್ದರೆ ರೀಸ್ಟಾರ್ಟ್ ಆಗಿಲ್ಲ ಅಂತಲೇ ಅರ್ಥ.

ಇದರಿಂದಲೇ ಹುಟ್ಟುವ ಇನ್ನೊಂದು ತೊಂದರೆ ನೋಡಲು ವಿಚಿತ್ರ. ಮಲ್ಪೆ ಬಂದರಿನ ಹತ್ತಿರದ ಒಂದು ಮೀನು ವ್ಯಾಪಾರದ ಆಫೀಸಿನಿಂದ ಬೆಳಗ್ಗೆ ಎಂಟರ ಹೊತ್ತಿಗೆ ಅಕೌಂಟ್ಸ್ ನೋಡುವವರು ಫೋನ್ ಮಾಡಿದರು.

"ಮಾರಾಯ್ರೆ, ಬಿಲ್ ಎಲ್ಲ ಸರಿ ಆಗ್ತಾ ಉಂಟು. ಎಕ್ಸೆಲ್‌ಗೆ ಇಳಿಸುವ ಬಟನ್ ಒತ್ತಿದ್ರೆ ಮಾತ್ರ ಎರರ್. ನಿನ್ನೆ ಸಂಜೆವರೆಗೆ ಸರಿ ಇತ್ತು. ಎಂತ ಮಾಡಿದ್ರಿ?"

"ನಾನು ಎಂತದೂ ಮುಟ್ಟಲಿಲ್ಲ ಅಣ್ಣ. ರಾತ್ರಿ ಕರೆಂಟ್ ಹೋಗಿತ್ತಾ?"

"ಹೋಗಿತ್ತು. ಯುಪಿಎಸ್ ಕೂಡ ಆಫ್. ಬೆಳಗ್ಗೆ ಐದೂವರೆಗೆ ಬಂದು ನಾನೇ ಆನ್ ಮಾಡಿದ್ದು."

ಲಾಗ್ ತೆರೆದರೆ ಸಿಸ್ಟಮ್ ಐಒ ಕಂಪ್ರೆಷನ್ ಅನ್ನುವ ಫೈಲನ್ನು ಲೋಡ್ ಮಾಡಲು ಆಗುತ್ತಿಲ್ಲ ಅಂತ ಸಾಲು ಸಾಲು ಎರರ್. ಎಕ್ಸೆಲ್ ಫೈಲ್ ಅಂದರೆ ಒಳಗೆ ಅದು ಒಂದು ಜಿಪ್. ಅದನ್ನು ಕಟ್ಟಲು ಈ ಲೈಬ್ರರಿ ಬೇಕು. ಡಾಟ್‌ನೆಟ್ ತನ್ನ ಎಲ್ಲ ಲೈಬ್ರರಿಗಳನ್ನು ಶುರುವಿನಲ್ಲೇ ಎತ್ತಿಕೊಳ್ಳುವುದಿಲ್ಲ. ಬೇಕಾದಾಗ ಬೇಕಾದ್ದನ್ನು ಡಿಸ್ಕಿನಿಂದ ತರುತ್ತದೆ. ಆ್ಯಪ್ ಐದೂವರೆಗೆ ಎದ್ದದ್ದು 8.0.20ರ ಮೇಲೆ. ಉಬುಂಟುವಿನ ಸ್ವಯಂಚಾಲಿತ ಅಪ್‌ಡೇಟ್ ಟೈಮರ್ ಮೊದಲಿನಿಂದಲೂ ಬೆಳಗ್ಗೆ 6 ಗಂಟೆಗೆ ಇಟ್ಟದ್ದು, ಅದರ ಮೇಲೆ ಒಂದು ಗಂಟೆಯೊಳಗೆ ಯಾವಾಗ ಬೇಕಾದರೂ ಶುರುವಾಗುವ ಹಾಗೆ. ಆರು, ಏಳರ ನಡುವೆ 8.0.21 ಬಂದು ಕೂತಿತು, 8.0.20ರ ಫೋಲ್ಡರ್ ಹೋಯಿತು. ಬಿಲ್ ಮಾಡುವುದಕ್ಕೆ ಬೇಕಾದ್ದೆಲ್ಲ ಅಷ್ಟರಲ್ಲಿ ಮೆಮೊರಿಯಲ್ಲಿತ್ತು. ಆ ದಿನ ಮೊದಲ ಸಲ ಎಕ್ಸೆಲ್ ಬಟನ್ ಒತ್ತಿದಾಗ ಹುಡುಕಿದ ಫೋಲ್ಡರೇ ಇಲ್ಲ! ಒಂದು ರೀಸ್ಟಾರ್ಟ್‌ಗೆ ಸರಿಹೋಯಿತು.

ಆದರೆ ಬೇರು ಸಮೇತ ತೆಗೆಯಬೇಕಲ್ಲ. ಮಲ್ಪೆಯಂಥ ಕಡೆ ಬೆಳಗ್ಗೆ ಆರು ಅಂದರೆ ಕೆಲಸದ ನಡುಮಧ್ಯ. ದೋಣಿ ಬಂದಿರುತ್ತದೆ, ಹರಾಜು ನಡೆಯುತ್ತಿರುತ್ತದೆ, ಐಸ್ ತುಂಬುತ್ತಿರುತ್ತಾರೆ. ಆ ಹೊತ್ತಿಗೆ ಕೆಳಗಿನ ಫೈಲ್ ಬದಲಾಗುವುದು ಯಾರಿಗೂ ಬೇಡ. ಸಿಸ್ಟಮ್‌ಸಿಟಿಎಲ್ ಎಡಿಟ್ ಅಂತ ಹೊಡೆದು ಆ್ಯಪ್ಟ್-ಡೈಲಿ-ಅಪ್‌ಗ್ರೇಡ್ ಟೈಮರನ್ನು ತೆರೆಯಿರಿ. ಟೈಮರ್ ವಿಭಾಗದಲ್ಲಿ ಮೊದಲು ಆನ್‌ಕ್ಯಾಲೆಂಡರ್ ಈಕ್ವಲ್ ಅಂತ ಖಾಲಿ ಸಾಲು ಹಾಕಿ. ಅದರ ಕೆಳಗೆ ನಿಮಗೆ ಬೇಕಾದ ಸಮಯ ಬರೆಯಿರಿ. ಖಾಲಿ ಸಾಲು ಬಿಟ್ಟುಹೋದರೆ ಹಳೇ ಆರು ಗಂಟೆಯೂ ಉಳಿಯುತ್ತದೆ, ಹೊಸದೂ ಸೇರುತ್ತದೆ. ಬಂದರಿನ ಆಫೀಸಿಗೆ ನಾನು ಮಧ್ಯಾಹ್ನ ಎರಡೂವರೆ ಇಟ್ಟಿದ್ದೇನೆ, ಎಲ್ಲರೂ ಊಟ ಮುಗಿಸಿ ಒರಗುವ ಹೊತ್ತು. ಜೊತೆಗೆ ಅದೇ ಹೆಸರಿನ ಸರ್ವಿಸ್ ಫೈಲಿಗೆ ಎಕ್ಸೆಕ್‌ಸ್ಟಾರ್ಟ್‌ಪೋಸ್ಟ್ ಅನ್ನುವ ಒಂದು ಸಾಲು ಸೇರಿಸಿ, ಅಪ್‌ಡೇಟ್ ಮುಗಿದ ಕೂಡಲೇ ಆ್ಯಪ್ ರೀಸ್ಟಾರ್ಟ್ ಆಗುವ ಹಾಗೆ ಮಾಡಿದ್ದೇನೆ. ಸರ್ವರ್‌ನ ಟೈಮ್‌ಝೋನ್ ಯುಟಿಸಿಯಲ್ಲಿದ್ದರೆ ಅದರ ಆರು ಗಂಟೆ ನಮ್ಮ ಹನ್ನೊಂದೂವರೆ, ಅದನ್ನೂ ನೋಡಿಕೊಳ್ಳಿ.

ರೀಸ್ಟಾರ್ಟ್ ಬೇಕಾದ ಸರ್ವಿಸ್‌ಗಳನ್ನು ಹುಡುಕಿ ಹೇಳುವ ನೀಡ್‌ರೀಸ್ಟಾರ್ಟ್ ಅನ್ನುವ ಸಾಧನ ಉಬುಂಟು ಸರ್ವರ್‌ನಲ್ಲೇ ಇರುತ್ತದೆ. ಒಳ್ಳೆಯ ಸಾಧನ. ಆದರೆ ಅದೊಂದನ್ನೇ ನಂಬಿ ಕೂರಬೇಡಿ, ಮ್ಯಾಪ್ಸ್ ಫೈಲ್ ನೋಡಿಯೇ ಖಚಿತ ಮಾಡಿಕೊಳ್ಳಿ. ಅಂದಹಾಗೆ, 2024ರ ನವೆಂಬರ್‌ನಲ್ಲಿ ಕ್ವಾಲಿಸ್ ಅನ್ನುವ ಭದ್ರತಾ ಸಂಸ್ಥೆಯವರು ಈ ನೀಡ್‌ರೀಸ್ಟಾರ್ಟ್‌ನಲ್ಲೇ ಸಾಮಾನ್ಯ ಬಳಕೆದಾರ ರೂಟ್ ಆಗಲು ದಾರಿ ಕೊಡುವ ದೋಷಗಳನ್ನು ತೋರಿಸಿದರು. 2014ರಿಂದ ಅದರಲ್ಲಿ ಅಡಗಿದ್ದವು. ಕಾವಲಿಗೆ ಇಟ್ಟ ಸಾಧನವೂ ಅಪ್‌ಡೇಟ್ ಪಟ್ಟಿಯಲ್ಲಿ ಇರಬೇಕು.

ರೀಸ್ಟಾರ್ಟ್ ಮಾಡಿದರೂ ಹಳೇ ನಂಬರೇ ಬಂದರೆ

ಡಾಟ್‌ನೆಟ್ ಮೈನಸ್ ಮೈನಸ್ ಲಿಸ್ಟ್-ರನ್‌ಟೈಮ್ಸ್ ಅಂತ ಹೊಡೆಯಿರಿ. ಎರಡು ಬಗೆಯ ಸಾಲು ಬರುತ್ತವೆ. ಒಂದು ಮೈಕ್ರೋಸಾಫ್ಟ್ ನೆಟ್‌ಕೋರ್ ಆ್ಯಪ್, ಇನ್ನೊಂದು ಮೈಕ್ರೋಸಾಫ್ಟ್ ಎಎಸ್‌ಪಿನೆಟ್‌ಕೋರ್ ಆ್ಯಪ್. ಕೆಸ್ಟ್ರೆಲ್ ಇರುವುದು ಎರಡನೆಯದರಲ್ಲಿ. ಮೊದಲನೆಯದು 8.0.21 ಆಗಿ ಎರಡನೆಯದು 8.0.20ರಲ್ಲೇ ಉಳಿದಿದ್ದರೆ ನಮ್ಮ ಉದಾಹರಣೆಯ ದೋಷ ಹಾಗೇ ಇದೆ. ಸ್ಕ್ಯಾನರ್ ಹೇಳುತ್ತಿರುವುದು ಸರಿ.

ಸಾಲಿನ ಕೊನೆಗೆ ಬ್ರಾಕೆಟ್‌ನಲ್ಲಿ ಆ ಫೋಲ್ಡರಿನ ದಾರಿ ಇರುತ್ತದೆ. ಇಡೀ ಪತ್ತೆ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಇದೇ. ಯುಎಸ್‌ಆರ್ ಲಿಬ್ ಡಾಟ್‌ನೆಟ್ ಅಂತಿದ್ದರೆ ಅದು ಉಬುಂಟುವಿನವರದ್ದು. ಯುಎಸ್‌ಆರ್ ಶೇರ್ ಡಾಟ್‌ನೆಟ್ ಅಂತಿದ್ದರೆ ಮೈಕ್ರೋಸಾಫ್ಟ್‌ನ ಪ್ಯಾಕೇಜ್ ಮೂಲದಿಂದ ಬಂದದ್ದು. ಹೋಮ್ ಫೋಲ್ಡರಿನೊಳಗೆ ಡಾಟ್ ಡಾಟ್‌ನೆಟ್ ಅಂತಿದ್ದರೆ ಯಾರೋ ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸಿ ಹಾಕಿದ್ದು. ಆ್ಯಪ್ಟ್‌ಗೆ ಅದರ ಸುಳಿವೇ ಇರುವುದಿಲ್ಲ, ಜನ್ಮದಲ್ಲಿ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಸರ್ವಿಸ್ ಫೈಲಿನ ಎಕ್ಸೆಕ್‌ಸ್ಟಾರ್ಟ್ ಸಾಲು ಅಲ್ಲಿಗೆ ಬೊಟ್ಟು ಮಾಡುತ್ತಿದೆಯಾ ನೋಡಿ. ಪ್ರಾಜೆಕ್ಟ್ ಮುಗಿಸಿ ಹೋದ ಹುಡುಗರು ತಮ್ಮ ಹೆಸರಿನ ಹೋಮ್ ಫೋಲ್ಡರಿನಿಂದಲೇ ಸರ್ವಿಸ್ ಓಡಿಸಿ ಬಿಟ್ಟಿರುವುದು ನಮ್ಮ ಕಡೆ ಜಾಸ್ತಿ.

ಉಬುಂಟು 22.04ರಲ್ಲಿ ದೊಡ್ಡ ತಲೆನೋವು ಅಂದರೆ ಎರಡು ಮೂಲಗಳ ಬೆರಕೆ. ಉಬುಂಟುವಿನಲ್ಲೂ ಡಾಟ್‌ನೆಟ್ ಇದೆ, ಮೈಕ್ರೋಸಾಫ್ಟ್ ಮೂಲದಲ್ಲೂ ಇದೆ, ಹೆಚ್ಚಿನ ಪ್ಯಾಕೇಜುಗಳ ಹೆಸರೂ ಒಂದೇ. ಯಾರೋ ಎಸ್‌ಕ್ಯೂಎಲ್ ಸರ್ವರ್ ಡ್ರೈವರಿಗೆ ಅಂತ ಮೈಕ್ರೋಸಾಫ್ಟ್ ಮೂಲ ಸೇರಿಸುತ್ತಾರೆ. ಮುಂದಿನ ಅಪ್‌ಗ್ರೇಡ್‌ನಲ್ಲಿ ಆ್ಯಪ್ಟ್ ಯಾವುದರ ನಂಬರ್ ದೊಡ್ಡದೋ ಅದನ್ನು ತರುತ್ತದೆ. ಹೋಸ್ಟ್ (ರನ್‌ಟೈಮನ್ನು ಹುಡುಕಿ ಎಬ್ಬಿಸುವ ಭಾಗ) ಒಂದು ಕಡೆಯದ್ದು, ರನ್‌ಟೈಮ್ ಇನ್ನೊಂದು ಕಡೆಯದ್ದು ಆಗಿ ಕೂರುತ್ತದೆ. ಆಗ ಹೋಸ್ಟ್ ಎಫ್‌ಎಕ್ಸ್‌ಆರ್ ಫೋಲ್ಡರ್ ಇಲ್ಲ ಅಂತ ಫೇಟಲ್ ಎರರ್ ಬರುತ್ತದೆ. ಇಲ್ಲವೇ ಸರ್ವಿಸ್ 150 ಅನ್ನುವ ಎಕ್ಸಿಟ್ ಕೋಡಿನೊಂದಿಗೆ ಬಿದ್ದುಹೋಗುತ್ತದೆ. ಬೇಕಾದ ಫ್ರೇಮ್‌ವರ್ಕ್ ಸಿಗಲಿಲ್ಲ ಅನ್ನುವುದಕ್ಕೆ ಡಾಟ್‌ನೆಟ್ ಕೊಡುವ ಕೋಡ್ ಅದು.

ಆ್ಯಪ್ಟ್ ಪಾಲಿಸಿ ಅಂತ ಹೊಡೆದು ಎಎಸ್‌ಪಿನೆಟ್‌ಕೋರ್-ರನ್‌ಟೈಮ್-8.0 ಪ್ಯಾಕೇಜಿನ ಹೆಸರು ಕೊಡಿ, ಆಮೇಲೆ ಹೋಸ್ಟ್ ಪ್ಯಾಕೇಜಿನ ಹೆಸರು ಕೊಡಿ, ಉಬುಂಟುವಿನಲ್ಲಿ ಅದು ಡಾಟ್‌ನೆಟ್-ಹೋಸ್ಟ್-8.0, ಮೈಕ್ರೋಸಾಫ್ಟ್‌ನಲ್ಲಿ ಬರೀ ಡಾಟ್‌ನೆಟ್-ಹೋಸ್ಟ್. ಯಾವುದು ಎಲ್ಲಿಂದ ಬಂದಿದೆ ಅಂತ ಗೊತ್ತಾಗುತ್ತದೆ. ಬೆರಕೆ ಕಂಡರೆ ತೇಪೆ ಹಚ್ಚಲು ಹೋಗಬೇಡಿ. ಡಾಟ್‌ನೆಟ್, ಎಎಸ್‌ಪಿನೆಟ್‌ಕೋರ್ ಹೆಸರಿನ ಪ್ಯಾಕೇಜುಗಳನ್ನೆಲ್ಲ ಒಮ್ಮೆ ತೆಗೆಯಿರಿ. ಇಟಿಸಿ ಆ್ಯಪ್ಟ್‌ನ ಪ್ರಿಫರೆನ್ಸಸ್ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲ್ ಮಾಡಿ. ಪ್ಯಾಕೇಜ್ ಸಾಲಿನಲ್ಲಿ ಡಾಟ್‌ನೆಟ್ ನಕ್ಷತ್ರ, ಎಎಸ್‌ಪಿನೆಟ್ ನಕ್ಷತ್ರ, ನೆಟ್‌ಸ್ಟ್ಯಾಂಡರ್ಡ್ ನಕ್ಷತ್ರ. ಪಿನ್ ಸಾಲಿನಲ್ಲಿ ಮೈಕ್ರೋಸಾಫ್ಟ್ ಮೂಲದ ಹೆಸರು. ಪ್ರಯಾರಿಟಿ ಮೈನಸ್ 10. ಆಮೇಲೆ ಉಬುಂಟುವಿನಿಂದ ಮತ್ತೆ ಹಾಕಿ. ಎಸ್‌ಕ್ಯೂಎಲ್ ಡ್ರೈವರ್ ಮುಂತಾದ್ದು ಮೈಕ್ರೋಸಾಫ್ಟ್‌ನಿಂದಲೇ ಬರುತ್ತಿರಲಿ, ಅದಕ್ಕೇನೂ ತೊಂದರೆ ಆಗುವುದಿಲ್ಲ. ಕೆಲಸಕ್ಕೆ ಇಳಿಯುವ ಮೊದಲು ಪ್ರಾಜೆಕ್ಟಿನ ಗ್ಲೋಬಲ್ ಜೇಸನ್ ಫೈಲ್ ನೋಡಿಕೊಳ್ಳಿ. ಅದು 8.0.4ರಿಂದ ಶುರುವಾಗುವ ಮೂರಂಕಿಯ ಎಸ್‌ಡಿಕೆ ಕೇಳುತ್ತಿದ್ದರೆ, ಉಬುಂಟು ಕೊಡುವ 8.0.1 ಸಾಲಿನ ಎಸ್‌ಡಿಕೆಯಲ್ಲಿ ಬಿಲ್ಡ್ ಆಗುವುದಿಲ್ಲ. 24.04ರಲ್ಲಿ ಈ ಬೆರಕೆ ಕಡಿಮೆ, ಯಾಕೆಂದರೆ ಆ ಆವೃತ್ತಿಯಿಂದ ಮೈಕ್ರೋಸಾಫ್ಟ್ ತನ್ನ ಉಬುಂಟು ಮೂಲದಲ್ಲಿ ಡಾಟ್‌ನೆಟ್ ಇಡುವುದನ್ನು ನಿಲ್ಲಿಸಿದೆ.

ಇಲ್ಲಿ ಇನ್ನೊಂದು ಮಾತು. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಆನ್ ಮಾಡಿದ್ದೇನೆ, ಎಲ್ಲವೂ ತಾನಾಗಿ ಆಗುತ್ತದೆ ಅಂತ ಹಲವರು ನಿಶ್ಚಿಂತೆಯಿಂದ ಇರುತ್ತಾರೆ. ಮೊದಲಿನ ಸೆಟ್ಟಿಂಗ್‌ನಲ್ಲಿ ಅದು ನೋಡುವುದು ಉಬುಂಟುವಿನ ಭದ್ರತಾ ವಿಭಾಗವನ್ನು. ಮೈಕ್ರೋಸಾಫ್ಟ್ ಮೂಲವಾಗಲಿ, ಡಾಟ್‌ನೆಟ್ ಬ್ಯಾಕ್‌ಪೋರ್ಟ್ಸ್ ಪಿಪಿಎ (ಪ್ರತ್ಯೇಕವಾಗಿ ಸೇರಿಸಿಕೊಳ್ಳುವ ಪ್ಯಾಕೇಜ್ ಮೂಲ) ಆಗಲಿ ಅದರ ಲೆಕ್ಕದಲ್ಲಿ ಇಲ್ಲ. 24.04ರಲ್ಲಿ ಡಾಟ್‌ನೆಟ್ 9 ಬೇಕೆಂದು ಪಿಪಿಎ ಹಾಕಿಕೊಂಡವರು ಅದನ್ನು ಅನುಮತಿಸಿದ ಮೂಲಗಳ ಪಟ್ಟಿಗೆ ತಾವೇ ಸೇರಿಸಬೇಕು.

ಆ್ಯಪ್ ತನ್ನ ಡಾಟ್‌ನೆಟ್ಟನ್ನು ತಾನೇ ಹೊತ್ತುಕೊಂಡಿದ್ದರೆ

ಸೆಲ್ಫ್-ಕಂಟೇನ್ಡ್ ಅಂತ ಪಬ್ಲಿಷ್ ಮಾಡಿದ ಆ್ಯಪ್‌ಗೆ ಸಿಸ್ಟಮ್‌ನ ಡಾಟ್‌ನೆಟ್ ಬೇಕಾಗಿಲ್ಲ. ಆ್ಯಪ್ ಫೋಲ್ಡರಿನಲ್ಲೇ ಲಿಬ್‌ಕೋರ್‌ಸಿಎಲ್‌ಆರ್ ಫೈಲ್ ಕಂಡರೆ, ರನ್‌ಟೈಮ್‌ಕಾನ್ಫಿಗ್‌ನಲ್ಲಿ ಫ್ರೇಮ್‌ವರ್ಕ್ ಅನ್ನುವ ಬದಲು ಇನ್‌ಕ್ಲೂಡೆಡ್ ಫ್ರೇಮ್‌ವರ್ಕ್ಸ್ ಅಂತ ಇದ್ದರೆ ಅದು ಇದೇ ಜಾತಿ. ಆ್ಯಪ್ಟ್‌ನಲ್ಲಿ ಎಷ್ಟು ಅಪ್‌ಡೇಟ್ ಹಾಕಿದರೂ ಅದಕ್ಕೆ ತಾಗುವುದಿಲ್ಲ. ಹೊಸ ಎಸ್‌ಡಿಕೆಯಲ್ಲಿ ಮತ್ತೆ ಬಿಲ್ಡ್ ಮಾಡಿ, ಪಬ್ಲಿಷ್ ಮಾಡಿ, ಸರ್ವರ್‌ಗೆ ಹಾಕಲೇಬೇಕು. ಸೋರ್ಸ್ ಕೋಡ್ ಯಾರ ಹತ್ತಿರ ಇದೆ ಅನ್ನುವ ಪ್ರಶ್ನೆ ಆಗ ಏಳುತ್ತದೆ. ಆ್ಯಪ್ ಮಾಡಿಸುವಾಗಲೇ ಇದನ್ನು ಕೇಳಿಟ್ಟುಕೊಳ್ಳಿ ಅಂತ ಎಲ್ಲ ಆಫೀಸಿನವರಿಗೂ ಹೇಳುತ್ತೇನೆ.

ಆ್ಯಪ್ಪನ್ನು ಅದಕ್ಕೆ ಬೇಕಾದ್ದರ ಸಮೇತ ಕಂಟೇನರ್ ಅನ್ನುವ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಆದರೂ ಅದೇ ಕಥೆ. ಹೊರಗಿನ ಉಬುಂಟು ಎಷ್ಟು ಹೊಸದಾಗಿದ್ದರೂ ಕಂಟೇನರಿನೊಳಗೆ ಇಮೇಜ್ ಕಟ್ಟಿದ ದಿನದ ಡಾಟ್‌ನೆಟ್ಟೇ ಇರುತ್ತದೆ. ಡಾಕರ್ ಎಕ್ಸೆಕ್ ಮೂಲಕ ಒಳಗೆ ಹೋಗಿ ಲಿಸ್ಟ್-ರನ್‌ಟೈಮ್ಸ್ ನೋಡಿ. ಬಿಲ್ಡ್ ಮಾಡುವಾಗ ಪುಲ್ ಅನ್ನುವ ಆಯ್ಕೆ ಕೊಡದಿದ್ದರೆ ಮೆಷಿನ್‌ನಲ್ಲಿ ಮೊದಲೇ ಇದ್ದ ಹಳೇ ಬೇಸ್ ಇಮೇಜ್ ಮೇಲೆಯೇ ಹೊಸ ಇಮೇಜ್ ಕಟ್ಟುತ್ತದೆ. ಎಲ್ಲ ಸರಿ ಮಾಡಿದ ಸಮಾಧಾನ ನಿಮಗೆ, ಹಳೇ ತೂತು ಹಾಗೇ ಒಳಗೆ. ಇಮೇಜ್ ಕಟ್ಟಿದ ಮೇಲೆ ಕಂಟೇನರನ್ನು ತೆಗೆದು ಹೊಸದಾಗಿ ಎಬ್ಬಿಸಬೇಕು. ಬರೀ ಡಾಕರ್ ರೀಸ್ಟಾರ್ಟ್ ಸಾಲದು.

ನ್ಯೂಗೆಟ್ ಪ್ಯಾಕೇಜುಗಳು, ಅಂದರೆ ಆ್ಯಪ್ ಬರೆಯುವವರು ಹೊರಗಿನಿಂದ ತಂದು ಸೇರಿಸುವ ಲೈಬ್ರರಿಗಳು, ಇನ್ನೊಂದು ದಾರಿ. ರನ್‌ಟೈಮ್ ಹೊಸದಾಗಿದ್ದರೂ ಪ್ರಾಜೆಕ್ಟ್ ಎಳೆದುಕೊಂಡ ಪ್ಯಾಕೇಜ್ ಹಳೆಯದಿರಬಹುದು. ಸಿಸ್ಟಮ್ ಟೆಕ್ಸ್ಟ್ ಜೇಸನ್ ಇದಕ್ಕೆ ಒಳ್ಳೇ ಉದಾಹರಣೆ. 2024ರ ಅಕ್ಟೋಬರ್‌ನ ಸಿವಿಇ-2024-43485 ಅದರ 8.0.5ರಲ್ಲಿ ಸರಿಯಾಯಿತು. ಪ್ರಾಜೆಕ್ಟ್ ಫೋಲ್ಡರಿನಲ್ಲಿ ಡಾಟ್‌ನೆಟ್ ಲಿಸ್ಟ್ ಪ್ಯಾಕೇಜ್ ಅಂತ ಹೊಡೆದು ವಲ್ನರಬಲ್, ಇನ್‌ಕ್ಲೂಡ್-ಟ್ರಾನ್ಸಿಟಿವ್ ಎರಡೂ ಆಯ್ಕೆಗಳನ್ನು ಮುಂದೆ ಮೈನಸ್ ಮೈನಸ್ ಹಾಕಿ ಕೊಡಿ. ಎರಡನೆಯದನ್ನು ಮರೆಯಬೇಡಿ. ನೀವು ಕೇಳಿ ತಂದ ಪ್ಯಾಕೇಜ್‌ಗಿಂತ ಅದರ ಬೆನ್ನಿಗೆ ಬಂದದ್ದರಲ್ಲೇ ತೊಂದರೆ ಜಾಸ್ತಿ. ಬಿಲ್ಡ್ ಆಗುವಾಗ ಎನ್‌ಯು1903, ಎನ್‌ಯು1904 ಅಂತ ಹಳದಿ ಸಾಲು ಬಂದರೆ ಮೊದಲನೆಯದು ಗಂಭೀರ, ಎರಡನೆಯದು ಅತಿ ಗಂಭೀರ. ಹಳೇ ಡಾಟ್‌ನೆಟ್ ಫ್ರೇಮ್‌ವರ್ಕ್ ಮೇಲೆ ಎಎಸ್‌ಪಿ ಡಾಟ್‌ನೆಟ್ ಕೋರ್ 2.3 ಓಡಿಸುತ್ತಿದ್ದರೆ ಅಲ್ಲಿ ಕೆಸ್ಟ್ರೆಲ್ ಬರುವುದೇ ನ್ಯೂಗೆಟ್‌ನಿಂದ. ನಮ್ಮ ಉದಾಹರಣೆಯ ದೋಷಕ್ಕೆ ಆ ಕೆಸ್ಟ್ರೆಲ್ ಕೋರ್ ಪ್ಯಾಕೇಜ್ 2.3.6 ಆಗಿರಬೇಕು.

ಆ್ಯಪ್ಟ್ ಸ್ವತಃ ಮುಷ್ಕರ ಹೂಡಿದರೆ

ಲಾಕ್ ಸಿಗುತ್ತಿಲ್ಲ ಅಂತ ಬಂದರೆ ಲಾಕ್ ಫೈಲನ್ನು ಅಳಿಸಬೇಡಿ. ಆಗ ಇನ್ನೊಂದು ಆ್ಯಪ್ಟ್ ಕೆಲಸ ಮಾಡುತ್ತಿರುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಇದು ಸಾಮಾನ್ಯ. ಅಪ್‌ಡೇಟ್ ಸಮಯದಲ್ಲಿ ಮೆಷಿನ್ ಆಫ್ ಇದ್ದರೆ, ಆನ್ ಆದ ಕೂಡಲೇ ಟೈಮರ್ ಆ ಬಾಕಿ ಕೆಲಸ ತೀರಿಸುತ್ತದೆ. ಹತ್ತು ಹದಿನೈದು ನಿಮಿಷ ಕಾಯಿರಿ. ಅಪ್‌ಡೇಟ್ ಆಗುತ್ತಿದ್ದಾಗಲೇ ಕರೆಂಟ್ ಹೋಗಿದ್ದರೆ ಡಿಪಿಕೆಜಿ ಮೈನಸ್ ಮೈನಸ್ ಕಾನ್ಫಿಗರ್ ಮೈನಸ್ ಎ ಹೊಡೆದು ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮಾಡಿ.

ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ ಅನ್ನುವ ಅರ್ಥದ ಎರರ್ ಬಂದರೆ ನೆಟ್‌ವರ್ಕಿಗೆ ಬೈಯಬೇಡಿ, ಗಡಿಯಾರ ನೋಡಿ. ಟೈಮ್‌ಡೇಟ್‌ಸಿಟಿಎಲ್ ಅಂತ ಹೊಡೆದರೆ ಸಾಕು. ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋದಾಗೆಲ್ಲ ಸಮಯ ಹಿಂದಕ್ಕೆ ಓಡುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗು ಮಿಂಚಿನ ಕಾಲದಲ್ಲಿ ಹಳೇ ಸರ್ವರ್‌ಗಳಲ್ಲಿ ಇದನ್ನೇ ಮೊದಲು ನೋಡುತ್ತೇನೆ. ಬ್ಯಾಟರಿ ಸಿಆರ್2032, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ನೆಟ್‌ನಿಂದ ಸಮಯ ಸರಿಪಡಿಸುವ ಎನ್‌ಟಿಪಿ ಕೂಡ ಆನ್ ಇರಲಿ.

ಆ್ಯಪ್ಟ್-ಮಾರ್ಕ್ ಶೋಹೋಲ್ಡ್ ಒಮ್ಮೆ ಹೊಡೆಯಿರಿ. ಯಾರಾದರೂ ಹಿಂದೆ ಒಂದು ಅಪ್‌ಡೇಟ್ ಕೈಕೊಟ್ಟಾಗ ಪ್ಯಾಕೇಜನ್ನು ಹಿಡಿದಿಟ್ಟು ಹೋಗಿರಬಹುದು.

ಎಲ್ಲ ಸರಿಯಿದ್ದೂ ಹೊಸ ವರ್ಷನ್ ಬರುತ್ತಲೇ ಇಲ್ಲ ಅಂದರೆ ಆ ವರ್ಷನ್‌ನ ಕಾಲ ಮುಗಿದಿದೆಯಾ ನೋಡಿ. ಡಾಟ್‌ನೆಟ್ 6ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2024ರ ನವೆಂಬರ್ 12ಕ್ಕೆ ನಿಂತಿತು. ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿಯಿತು. ಡಾಟ್‌ನೆಟ್ 8 ಮತ್ತು 9 ಎರಡಕ್ಕೂ 2026ರ ನವೆಂಬರ್ 10 ಕೊನೆಯ ದಿನ. ಡಾಟ್‌ನೆಟ್ 10 ದೀರ್ಘ ಬೆಂಬಲದ ಆವೃತ್ತಿ, 2025ರ ನವೆಂಬರ್‌ನಲ್ಲಿ ಬಂದದ್ದು. ಈ ಜಿಗಿತ ಆ್ಯಪ್ಟ್ ಮಾಡಿಕೊಡುವುದಿಲ್ಲ. ಆ್ಯಪ್ಪನ್ನೇ ಹೊಸದಕ್ಕೆ ಬಿಲ್ಡ್ ಮಾಡಿ, ಪರೀಕ್ಷಿಸಿ ಹಾಕಬೇಕು. ಮೀನುಗಾರಿಕೆಯ ಆಫೀಸುಗಳಿಗೆ ನಾನು ಜೂನ್ 1ರಿಂದ ಜುಲೈ 31ರ ಮಳೆಗಾಲದ ನಿಷೇಧದ ದಿನಗಳನ್ನೇ ಹೇಳುವುದು. ದೋಣಿಗಳು ದಡದಲ್ಲಿರುತ್ತವೆ, ಬಿಲ್ಲಿಂಗ್ ಕಡಿಮೆ. ಒಂದೆರಡು ದಿನ ಸರ್ವರ್ ನಿಂತರೂ ಯಾರ ವ್ಯಾಪಾರವೂ ನಿಲ್ಲುವುದಿಲ್ಲ.

ಸ್ಕ್ಯಾನರ್ ಮಾತು ಎಷ್ಟು ನಂಬಬೇಕು

ಉಬುಂಟು ಎಂಜಿನ್‌ಎಕ್ಸ್, ಓಪನ್‌ಎಸ್‌ಎಸ್‌ಎಲ್ ಮುಂತಾದವುಗಳಲ್ಲಿ ಹಳೇ ನಂಬರ್ ಇಟ್ಟುಕೊಂಡೇ ತಿದ್ದುಪಡಿಯನ್ನು ಮಾತ್ರ ಸೇರಿಸುತ್ತದೆ. ಹೊರಗಿನ ನಂಬರ್ ನೋಡುವ ಸ್ಕ್ಯಾನರ್ ಅಲ್ಲಿ ಸುಳ್ಳು ಎಚ್ಚರಿಕೆ ಕೊಡುತ್ತದೆ. ಡಾಟ್‌ನೆಟ್‌ನಲ್ಲಿ ಹಾಗಲ್ಲ, ಹೊಸ ಪ್ಯಾಚ್ ಬಂದಾಗ ನಂಬರೂ ಬದಲಾಗುತ್ತದೆ. ಹಾಗಾಗಿ ಡಾಟ್‌ನೆಟ್ ಬಗ್ಗೆ ಸ್ಕ್ಯಾನರ್ ಕೂಗಿದರೆ ಕೇಳಿಸಿಕೊಳ್ಳಿ.

ಅದು ಸುಮ್ಮನಿದ್ದರೂ ಮೈಮರೆಯಬೇಡಿ. 2017ರಲ್ಲಿ ಜನರ ಸಾಲದ ದಾಖಲೆ ಇಡುವ ಅಮೆರಿಕದ ಸಂಸ್ಥೆ ಈಕ್ವಿಫ್ಯಾಕ್ಸ್‌ನಲ್ಲಿ ಆದದ್ದು ಇದೇ. ಅಪಾಚೆ ಸ್ಟ್ರಟ್ಸ್ ಅನ್ನುವ ಜಾವಾ ಫ್ರೇಮ್‌ವರ್ಕಿನ ದೋಷಕ್ಕೆ ಮಾರ್ಚ್ 7ಕ್ಕೇ ಪ್ಯಾಚ್ ಬಂದಿತ್ತು. ಮಾರ್ಚ್ 15ರಂದು ಸ್ಕ್ಯಾನ್ ಮಾಡಿದರು, ಏನೂ ಸಿಗಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಅದೇ ದೋಷದ ಮೂಲಕ ಒಳಗೆ ಬಂದರು. ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತು. ಪ್ಯಾಚ್ ಇತ್ತು, ಸ್ಕ್ಯಾನ್ ಆಗಿತ್ತು. ದೋಷವಿದ್ದ ಆ್ಯಪ್ ಎಲ್ಲಿ ಓಡುತ್ತಿದೆ ಅಂತ ಮಾತ್ರ ಯಾರೂ ಕಣ್ಣಿಟ್ಟು ನೋಡಿರಲಿಲ್ಲ. ಇದನ್ನು ಓದಿದ ಮೇಲೆ ನಾನು ಪ್ರತಿ ಆಫೀಸಿಗೂ ಒಂದು ಹಾಳೆ ಮಾಡಿಟ್ಟಿದ್ದೇನೆ. ಯಾವ ಮೆಷಿನ್‌ನಲ್ಲಿ ಯಾವ ಆ್ಯಪ್, ಅದರ ಡಾಟ್‌ನೆಟ್ ಎಲ್ಲಿಂದ ಬಂದದ್ದು, ಸೆಲ್ಫ್-ಕಂಟೇನ್ಡ್ ಹೌದೋ ಅಲ್ಲವೋ, ಸೋರ್ಸ್ ಯಾರ ಬಳಿ. ದೋಷದ ಸುದ್ದಿ ಬಂದ ರಾತ್ರಿ ಹುಡುಕುತ್ತಾ ಕೂರುವುದು ತಪ್ಪುತ್ತದೆ.

ಅಪ್‌ಡೇಟ್ ತಡವಾಗಿ, ಆ ನಡುವೆ ಯಾರಾದರೂ ಒಳಗೆ ಬಂದಿರಬಹುದು ಅನ್ನುವ ಸಂಶಯ ಇದ್ದರೆ ರೀಸ್ಟಾರ್ಟ್‌ಗೆ ಮೊದಲು ಲಾಗ್‌ಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಎಂಜಿನ್‌ಎಕ್ಸ್‌ನ ಆ್ಯಕ್ಸೆಸ್ ಲಾಗ್, ಆ್ಯಪ್‌ನ ಲಾಗ್, ಸಿಸ್ಟಮ್‌ನ ಜರ್ನಲ್ ಮೂರೂ ಬೇಕು. ಎಂಜಿನ್‌ಎಕ್ಸ್ ಲಾಗ್‌ನಲ್ಲಿ ಇಲ್ಲದ ರಿಕ್ವೆಸ್ಟ್ ಆ್ಯಪ್ ಲಾಗ್‌ನಲ್ಲಿ ಕಂಡರೆ ಅದು ಗಂಭೀರ ಸುಳಿವು. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ಲಾಗ್ ಮೊದಲಿನ ಸೆಟ್ಟಿಂಗ್‌ನಲ್ಲಿ ಅಷ್ಟು ದಿನ ಉಳಿಯುವುದಿಲ್ಲ. ಲಾಗ್‌ರೊಟೇಟ್ ಫೈಲ್ ತೆರೆದು ಎಷ್ಟು ದಿನ ಇಡಬೇಕು ಅನ್ನುವ ಸಂಖ್ಯೆಯನ್ನು ಇವತ್ತೇ 180ಕ್ಕೆ ಏರಿಸಿ.